ಮೊಂಬಾಸಾದಲ್ಲಿ ಎಲ್ಲಿ ಉಳ್ಕೊಳ್ಳೋದು? ಏಳುನೂರು ವರ್ಷದ ಹಳೆ ಪ್ರಶ್ನೆ

ವಿಡಿಯೋ ನೋಡೋಕೆ ಟೈಮ್ ಇಲ್ಲ, ಆಫೀಸ್ ಕ್ಯಾಬ್‌ನಲ್ಲಿ ಕೂತು ಓದ್ಕೋತೀವಿ ಅನ್ನೋರಿಗೆ ಈ ವಾರದ ಮಾತಿನ ಬರಹರೂಪ ಇಲ್ಲಿದೆ. ಅಲ್ಲಿ ಸಮಯ ಸಾಲದೆ ಹೇಳದೇ ಇದ್ದ ಒಂದೆರಡು ವಿಷಯಗಳನ್ನೂ ಸೇರಿಸಿದ್ದೇನೆ.

ಪುಣೆಯಲ್ಲಿರೋ ಗೆಳೆಯನೊಬ್ಬ ಪ್ರಾಜೆಕ್ಟ್ ಮೇಲೆ ನೈರೋಬಿಗೆ ಹೊರಟಿದ್ದಾನೆ. ನಡುವೆ ನಾಲ್ಕು ದಿನ ರಜೆ ಸಿಗತ್ತಂತೆ. "ಮೊಂಬಾಸಾಗೆ ಹೋಗ್ತೀನಿ ಕಣೋ, ಎಲ್ಲಿ ಉಳ್ಕೊಳ್ಳಲಿ?" ಅಂತ ಕೇಳಿದ. ಬುಕಿಂಗ್ ಆ್ಯಪ್ ತೆರೆದರೆ ಉತ್ತರ ಸುಲಭ. ಉತ್ತರಕ್ಕೆ ನ್ಯಾಲಿ, ದಕ್ಷಿಣಕ್ಕೆ ಡಯಾನಿ. ಎರಡು ಕಡೆಯೂ ಬೀಚು, ಈಜುಕೊಳ, ಬುಫೆ. ಆದರೆ ಇವೆರಡೂ ಇರೋದು ಆಚೆ ದಡದಲ್ಲಿ. ಹಳೆಯ ಮೊಂಬಾಸಾ ಅಂದರೆ ನಡುವೆ ಇರೋ ಪುಟ್ಟ ದ್ವೀಪ. ಅದರ ಪೂರ್ವಕ್ಕೆ ಹಾಯಿಹಡಗುಗಳ ಹಳೆ ಬಂದರು, ಆ ಬಂದರಿನ ದಡದಲ್ಲೇ ಓಲ್ಡ್ ಟೌನ್. ಪಶ್ಚಿಮಕ್ಕೆ ಕಿಲಿಂಡಿನಿ, ಇವತ್ತು ಕಂಟೇನರ್ ಹಡಗುಗಳು ಬಂದು ನಿಲ್ಲೋ ಆಳದ ಬಂದರು. ಹೊರಗಿನಿಂದ ಬಂದವನು ಈ ಊರಲ್ಲಿ ಎಲ್ಲಿ ಮಲಗಬೇಕು ಅನ್ನೋದಕ್ಕೆ ಒಂದೊಂದು ಕಾಲ ಒಂದೊಂದು ಉತ್ತರ ಕೊಟ್ಟಿದೆ. ನನಗೆ ಕೇಳಿದರೆ, ಆ ಉತ್ತರಗಳೇ ಮೊಂಬಾಸಾದ ಇತಿಹಾಸ.

ಮೊದಲು ಗಾಳಿಯ ಲೆಕ್ಕ ನೋಡೋಣ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಈಶಾನ್ಯದಿಂದ ಗಾಳಿ ಬೀಸತ್ತೆ, ಸ್ವಾಹಿಲಿಯಲ್ಲಿ ಅದಕ್ಕೆ ಕಸ್ಕಾಜಿ ಅಂತಾರೆ. ಗುಜರಾತ್, ಅರಬ್ ದೇಶಗಳ ಹಾಯಿಹಡಗು ಈ ಗಾಳಿ ಹಿಡಿದು ಆಫ್ರಿಕಾಗೆ ಬರ್ತಿತ್ತು. ಏಪ್ರಿಲ್ ಹೊತ್ತಿಗೆ ಗಾಳಿ ದಿಕ್ಕು ಬದಲಿಸತ್ತೆ, ಅದು ಕುಸಿ. ವಾಪಸ್ ಹೋಗೋಕೆ ಅದೇ ಬೇಕು. ನಮ್ಮ ಮುಂಗಾರು ಮಳೆಯನ್ನು ತರೋದೂ ಇದೇ ಗಾಳಿ. ಅಂದರೆ ಬಂದ ವ್ಯಾಪಾರಿ ಸರಕು ಮಾರಿದ ಮಾರನೇ ದಿನ ಹೊರಡೋ ಹಾಗಿಲ್ಲ. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯಬೇಕು. ಅಷ್ಟು ದಿನ ಎಲ್ಲಿರೋದು?

ಇದಕ್ಕೆ ಆ ತೀರದವರು ಕಂಡುಕೊಂಡ ಉತ್ತರ ನನಗೆ ತುಂಬಾ ಇಷ್ಟ. 1331ರಲ್ಲಿ ಮೊರಾಕೋದ ಪ್ರವಾಸಿ ಇಬ್ನ್ ಬತೂತ ಈ ಕಡೆ ಬಂದಿದ್ದ. ಮೊಂಬಾಸಾಗಿಂತ ಉತ್ತರಕ್ಕಿರೋ ಮೊಗದಿಶುವಿನಲ್ಲಿ ಕಂಡದ್ದನ್ನು ಅವನು ವಿವರವಾಗಿ ಹೇಳ್ತಾನೆ. ಹಡಗು ಬಂದ ಕೂಡಲೇ ಊರಿನ ಹುಡುಗರು ಸಣ್ಣ ದೋಣಿಗಳಲ್ಲಿ ಬರ್ತಾರೆ. ಪ್ರತಿಯೊಬ್ಬನ ಕೈಯಲ್ಲೂ ಮುಚ್ಚಿದ ತಟ್ಟೆ, ಅದರಲ್ಲಿ ಊಟ. ಹಡಗಿನಲ್ಲಿರೋ ಒಬ್ಬ ವ್ಯಾಪಾರಿಗೆ ಅದನ್ನು ಕೊಟ್ಟು "ಇವರು ನನ್ನ ಅತಿಥಿ" ಅಂತಾರೆ. ಅಲ್ಲಿಗೆ ಮುಗೀತು. ಆ ವ್ಯಾಪಾರಿ ಅವರ ಮನೆಯಲ್ಲೇ ಉಳಿಯಬೇಕು. ಅವನ ಸರಕು ಮಾರಿಸೋದು, ಅವನಿಗೆ ಬೇಕಾದ್ದು ಕೊಡಿಸೋದು ಎಲ್ಲ ಆ ಮನೆಯವರ ಜವಾಬ್ದಾರಿ. ಊರು ಚೆನ್ನಾಗಿ ಗೊತ್ತಿದ್ದವನು ಮಾತ್ರ ತನಗೆ ಬೇಕಾದಲ್ಲಿ ಇರಬಹುದಿತ್ತು.

ಇದು ಬರೀ ಔದಾರ್ಯ ಅಂತ ನಾನು ಹೇಳ್ತಿಲ್ಲ. ಮನೆಯವನಿಗೆ ಲಾಭ ಇತ್ತು, ಅವನೇ ದಲ್ಲಾಳಿ. ಆದರೂ ಹಿಂಜೆವಾಡಿಯಲ್ಲಿ, ಅಮೀರ್‌ಪೇಟೆಯಲ್ಲಿ ಬ್ರೋಕರ್ ಹಿಂದೆ ಓಡಾಡಿ, "ಬ್ಯಾಚುಲರ್ಸ್‌ಗೆ ಕೊಡಲ್ಲ", "ಯಾವ ಊರು, ಯಾವ ಜನ, ನಾನ್‌ವೆಜ್ ತಿಂತೀರಾ" ಅನ್ನೋದೆಲ್ಲ ಕೇಳಿಸಿಕೊಂಡ ನಮಗೆ ಆ ತಟ್ಟೆ ಊಟದ ಬೆಲೆ ಗೊತ್ತಾಗತ್ತೆ, ಅಲ್ವಾ?

ಮೊಂಬಾಸಾದಲ್ಲಿ ಇಬ್ನ್ ಬತೂತ ಉಳಿದದ್ದು ಒಂದೇ ರಾತ್ರಿ. ಬಾಳೆ, ನಿಂಬೆ, ಮೀನು ನೋಡಿದ. ಅಚ್ಚುಕಟ್ಟಾದ ಮರದ ಮಸೀದಿಗಳನ್ನು ನೋಡಿದ. ಬಾಗಿಲ ಬಳಿ ಆಳವಿಲ್ಲದ ಬಾವಿ, ನೀರು ಮೊಗೆಯೋಕೆ ಕೋಲು ಕಟ್ಟಿದ ಮರದ ಪಾತ್ರೆ. ಒಳಗೆ ಹೋಗೋರು ಕಾಲು ತೊಳೆದೇ ಹೋಗಬೇಕು. ಇದೇ ಮನುಷ್ಯ ಹತ್ತು ಹನ್ನೊಂದು ವರ್ಷ ಆದಮೇಲೆ ನಮ್ಮ ಹೊನ್ನಾವರಕ್ಕೂ ಬಂದ. ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆ ಇವೆ ಅಂತ ಬರೆದಿಟ್ಟ. ಹೊನ್ನಾವರದ ಹೆಸರು ನೆನಪಲ್ಲಿರಲಿ.

ಅತಿಥಿಯನ್ನು ಇಟ್ಟುಕೊಳ್ಳೋ ಪದ್ಧತಿ ಮನೆ ಕಟ್ಟೋ ರೀತಿಯಲ್ಲೂ ಕಾಣತ್ತೆ. ಈ ತೀರದ ಸಿರಿವಂತರ ಮನೆಗಳು ಹವಳದ ಕಲ್ಲಿನವು. ಚಾವಣಿಗೆ ಕಾಂಡ್ಲಾ ಮರದ ತೊಲೆ. ಆ ತೊಲೆ ಎಷ್ಟುದ್ದ ಸಿಗತ್ತೋ ಕೋಣೆ ಅಷ್ಟೇ ಅಗಲ, ಹಾಗಾಗಿ ಕೋಣೆಗಳೆಲ್ಲ ಉದ್ದುದ್ದ, ಕಿರಿದು. ಬಾಗಿಲಲ್ಲಿ ದಾಕಾ, ಎರಡೂ ಕಡೆ ಕೂರೋಕೆ ಕಲ್ಲಿನ ಕಟ್ಟೆ; ನಮ್ಮ ಜಗಲಿಯೇ ಅನ್ನಿ. ಹೊರಗಿನವರ ಮಾತುಕತೆ ಅಲ್ಲೇ. ಉಳಿಯೋ ಅತಿಥಿಗೆ ಸಬುಲೆ ಅಂತ ಪ್ರತ್ಯೇಕ ಕೋಣೆ, ಮನೆಯ ಹೆಣ್ಣುಮಕ್ಕಳ ಕಡೆಗೆ ದಾಟದ ಹಾಗೆ. ಇಂಥ ಮನೆಗಳನ್ನು ಪೂರ್ತಿ ನೋಡಬೇಕಾದರೆ ಉತ್ತರದ ಲಾಮುವಿಗೆ ಹೋಗಬೇಕು. ಮೊಂಬಾಸಾದ ಹಳೇ ಮನೆಗಳು ಬಹುಪಾಲು ಸುಟ್ಟುಹೋದವು.

ಸುಟ್ಟವರು ಯಾರು ಅಂತ ಹೇಳಲೇಬೇಕು. 1498ರ ಏಪ್ರಿಲ್‌ನಲ್ಲಿ ವಾಸ್ಕೋ ಡ ಗಾಮ ಮೊಂಬಾಸಾ ಎದುರು ಲಂಗರು ಹಾಕಿದ. ಎರಡೂ ಕಡೆ ಅನುಮಾನ. ಬಂದರಿನ ಒಳಗೆ ಹೋಗದೆ ಮಲಿಂದಿಗೆ ತೆರಳಿ, ಅಲ್ಲಿನ ರಾಜ ಕೊಟ್ಟ ದಾರಿ ತಿಳಿದವನ ಜೊತೆ ಕಲ್ಲಿಕೋಟೆಗೆ ಬಂದ. ಏಳು ವರ್ಷದ ನಂತರ, 1505ರ ಆಗಸ್ಟ್‌ನಲ್ಲಿ, ಪೋರ್ಚುಗೀಸರ ಮೊದಲ ವೈಸರಾಯ್ ಫ್ರಾನ್ಸಿಸ್ಕೋ ದ ಅಲ್ಮೇಡ ಬಂದು ಮೊಂಬಾಸಾ ಲೂಟಿ ಮಾಡಿ ಬೆಂಕಿ ಇಟ್ಟ. ಅಲ್ಲಿಂದ ನೇರ ಬಂದದ್ದು ಕಾರವಾರದ ಎದುರಿನ ಅಂಜುದೀವಿಗೆ. ಅಲ್ಲಿ ಕೋಟೆ ಎಬ್ಬಿಸಿ, ಅಕ್ಟೋಬರ್‌ನಲ್ಲಿ ಹೊನ್ನಾವರದ ಮೇಲೆ ಬಿದ್ದು ಹಡಗುಗಳಿಗೆ ಬೆಂಕಿ ಹಾಕಿದ. ಒಂದೇ ನೌಕಾಪಡೆ, ನಡುವೆ ಎರಡು ತಿಂಗಳು. ನಾವು ಶಾಲೆಯಲ್ಲಿ ಓದಿದ ಇತಿಹಾಸದಲ್ಲಿ ಈ ಎರಡು ಊರುಗಳನ್ನು ಯಾರೂ ಒಟ್ಟಿಗೆ ಹೇಳಲಿಲ್ಲ.

ಊರನ್ನು ಪದೇಪದೇ ಸುಟ್ಟವನಿಗೆ ಊರಲ್ಲಿ ಯಾರು ಜಾಗ ಕೊಡ್ತಾರೆ? ಹಾಗಾಗಿ 1593ರಲ್ಲಿ ಕೋಟೆ ಶುರುವಾಯ್ತು, ಫೋರ್ಟ್ ಜೀಸಸ್. ವಿನ್ಯಾಸ ಇಟಲಿಯ ಜೊವಾನಿ ಬತಿಸ್ತಾ ಕೈರಾತಿಯದು. ಆದರೆ ಗೋಡೆ ಒಳಗಿದ್ದವರೂ ನೆಮ್ಮದಿಯಾಗಿ ಮಲಗಲಿಲ್ಲ. ಮೊಂಬಾಸಾದ ರಾಜಕುಮಾರ ಯೂಸುಫ್‌ನನ್ನು ಚಿಕ್ಕವನಿದ್ದಾಗಲೇ ಗೋವಾಕ್ಕೆ ಒಯ್ದು, ಕ್ರೈಸ್ತನನ್ನಾಗಿ ಮಾಡಿ, ದೋಂ ಜೆರೋನಿಮೋ ಅಂತ ಹೆಸರಿಟ್ಟು, ತಮ್ಮ ಮಾತು ಕೇಳೋ ರಾಜ ಅಂತ ವಾಪಸ್ ಕಳಿಸಿದರು. 1631ರಲ್ಲಿ ಅವನೇ ಕೋಟೆಯ ಕ್ಯಾಪ್ಟನ್‌ನನ್ನು ಕೊಂದು ಕೋಟೆ ಹಿಡಿದ. ಅದು ಹೆಚ್ಚು ದಿನ ಅವನ ಕೈಯಲ್ಲಿ ಉಳಿಯಲಿಲ್ಲ, ಪೋರ್ಚುಗೀಸರು ಮತ್ತೆ ಬಂದು ಸೇರಿಕೊಂಡರು. 1696ರಿಂದ ಒಮಾನಿಗಳು ಮುತ್ತಿಗೆ ಹಾಕಿ ಸುಮಾರು 33 ತಿಂಗಳು ಕೂತರು. ಒಳಗೆ ಹಸಿವು, ರೋಗ. ಸಹಾಯಕ್ಕೆ ಗೋವಾದಿಂದ ಹಡಗು ಬರಬೇಕು. ಆಗಿನ ಗೋವಾ ಉಣ್ಣುತ್ತಿದ್ದ ಅಕ್ಕಿಯಲ್ಲಿ ದೊಡ್ಡ ಪಾಲು ಬಸ್ರೂರು, ಮಂಗಳೂರು, ಹೊನ್ನಾವರದ್ದು ಅನ್ನೋದನ್ನೂ ಇಲ್ಲೇ ಹೇಳಿಬಿಡ್ತೀನಿ. ಹಾಗೆ ಬಂದ ಒಂದು ಹಡಗು ಸಾಂತೋ ಆಂತೋನಿಯೋ ದ ತಾನಾ. ಮುಂಬೈ ಕಡೆಯವರು ಹೆಸರು ಗಮನಿಸಿ, ತಾನಾ ಅಂದರೆ ಠಾಣೆ; ಹಡಗು ಕಟ್ಟಿದ್ದು ವಸಾಯಿಯಲ್ಲಿ. 1697ರಲ್ಲಿ ಅದು ಕೋಟೆ ಎದುರೇ ಮುಳುಗಿತು. 1970ರ ದಶಕದಲ್ಲಿ ಮುಳುಗುಗಾರರು ಮೇಲೆತ್ತಿದ ವಸ್ತುಗಳು ಈಗ ಕೋಟೆಯ ಮ್ಯೂಸಿಯಂನಲ್ಲಿವೆ. 1698ರ ಡಿಸೆಂಬರ್‌ನಲ್ಲಿ ಕೋಟೆ ಬಿತ್ತು. ಕೆಲವೇ ದಿನ ತಡವಾಗಿ ಬಂದ ಗೋವಾದ ಹಡಗುಗಳು ಒಮಾನಿಗಳ ಬಾವುಟ ನೋಡಿ ವಾಪಸ್ ತಿರುಗಿದವು.

ಒಮಾನಿಗಳ ಕಾಲದ ಕಥೆ ದೊಡ್ಡದು, ಇನ್ನೊಂದು ದಿನ ನೋಡೋಣ. 1895ರಲ್ಲಿ ಆಡಳಿತ ಬ್ರಿಟಿಷರ ಕೈಗೆ ಬಂತು. ಕೋಟೆಯನ್ನು ಅವರು ಜೈಲು ಮಾಡಿದರು, 1958ರವರೆಗೆ ಅಲ್ಲಿ ಉಳಿದವರು ಕೈದಿಗಳು. 1896ರಲ್ಲಿ ಉಗಾಂಡ ರೈಲು ಮೊಂಬಾಸಾದಿಂದ ಹೊರಟಿತು. ಹಳಿ ಹಾಕೋಕೆ ಭಾರತದಿಂದ, ಅದರಲ್ಲೂ ಪಂಜಾಬಿನಿಂದ, ಸುಮಾರು 32,000 ಜನರನ್ನು ತಂದರು. ಸುಮಾರು 2,500 ಜನ ಸತ್ತರು. ಅವರ ಕಾಲದಲ್ಲಿ ಅಲ್ಲಿ ನಡೀತಿದ್ದ ಹಣ ನಮ್ಮ ರೂಪಾಯಿ. ಇವತ್ತೂ ಸ್ವಾಹಿಲಿಯಲ್ಲಿ ಅಂಗಡಿಗೆ ದುಕಾ, ವಾಹನಕ್ಕೆ ಗಾರಿ, ದುಡ್ಡಿಗೆ ಪೇಸಾ, ಲಕ್ಷಕ್ಕೆ ಲಾಕಿ.

ಕಿಲಿಂಡಿನಿಯಲ್ಲಿ ಹಡಗುಕಟ್ಟೆ ಬೆಳೆದಂತೆ ಒಳನಾಡಿನಿಂದ ಆಫ್ರಿಕನ್ ಕೂಲಿಗಳು ಬಂದರು. ದಿನಗೂಲಿ ಕೆಲಸ, ಹಡಗು ಬಂದರೆ ಸಂಬಳ, ಇಲ್ಲದಿದ್ದರೆ ಇಲ್ಲ. ಈ ಸಲ ಊಟದ ತಟ್ಟೆ ಹಿಡಿದು ಯಾರೂ ಬರಲಿಲ್ಲ. ಅವರು ಸೇರಿದ್ದು ಮಜೆಂಗೋದಂಥ ಬಡಾವಣೆಗಳಿಗೆ. ನಡುವೆ ಓಣಿ, ಆಚೀಚೆ ಮೂರು ಮೂರು ಕೋಣೆ, ಒಂದೊಂದು ಕೋಣೆಗೂ ಬೇರೆ ಬಾಡಿಗೆ. ಎಷ್ಟೋ ಮನೆಗಳಲ್ಲಿ ಗೋಡೆ ಒಬ್ಬನದು, ಅಡಿಯ ನೆಲ ಇನ್ನೊಬ್ಬನದು. ಈ ಗೋಜಲು ಮೊಂಬಾಸಾದಲ್ಲಿ ಇವತ್ತೂ ಬಗೆಹರಿದಿಲ್ಲ. 1939ರಲ್ಲಿ ಕೂಲಿಗಳು ಮುಷ್ಕರ ಹೂಡಿದಾಗ ಮೊದಲು ಎದ್ದ ಬೇಡಿಕೆ ಮನೆಬಾಡಿಗೆ ಭತ್ಯೆ, ಈಗ ನಮ್ಮ ಸಂಬಳದ ಚೀಟಿಯಲ್ಲಿ ಎಚ್‌ಆರ್‌ಎ ಅಂತ ಬರತ್ತಲ್ಲ, ಅದೇ. 1947ರ ಜನವರಿಯಲ್ಲಿ ಸುಮಾರು 15,000 ಜನ ಕೆಲಸ ನಿಲ್ಲಿಸಿದರು, ಹನ್ನೆರಡು ದಿನ ಊರೇ ನಿಂತಿತ್ತು. ಕೋಟೆಯ ಮುತ್ತಿಗೆಗಿಂತ ಈ ಹನ್ನೆರಡು ದಿನ ನನಗೆ ಹೆಚ್ಚು ಮುಖ್ಯ ಅನ್ನಿಸತ್ತೆ. ಟೂರಿಸ್ಟ್ ಗೈಡುಗಳು ಇದರ ಬಗ್ಗೆ ಮಾತಾಡೋದು ಕಡಿಮೆ.

ಸರಿ, ಗೆಳೆಯನ ಪ್ರಶ್ನೆಗೆ ಬರೋಣ. ನಾನು ಹೇಳಿದ್ದು ಇಷ್ಟು. ನಾಲ್ಕರಲ್ಲಿ ಎರಡು ರಾತ್ರಿ ದ್ವೀಪದಲ್ಲೇ ಕಳಿ, ಕೋಟೆಗೆ ನಡೆದು ಹೋಗೋ ದೂರದಲ್ಲಿ. ಓಲ್ಡ್ ಟೌನ್‌ನಲ್ಲಿ ದೊಡ್ಡ ಹೋಟೆಲುಗಳಿಲ್ಲ, ಸಣ್ಣ ಗೆಸ್ಟ್‌ಹೌಸ್‌ಗಳಿವೆ. ಎಸಿ ಬೇಕೇ ಬೇಕು ಅನ್ನೋರಿಗೆ ಮೋಯ್ ಅವೆನ್ಯೂ ಕಡೆ ಹೋಟೆಲುಗಳು ಸಿಗತ್ತೆ, ನೂರು ವರ್ಷ ದಾಟಿದ ಕ್ಯಾಸಲ್ ಹೋಟೆಲ್ ಇರೋದೂ ಆ ರಸ್ತೆಯಲ್ಲೇ. ಬೆಳಿಗ್ಗೆ ಬಿಸಿಲೇರೋ ಮುಂಚೆ ಕೋಟೆ ನೋಡು, ಮ್ಯೂಸಿಯಂನಲ್ಲಿ ವಸಾಯಿಯ ಹಡಗಿನ ಸಾಮಾನು ಬಿಡಬೇಡ. ನೈರೋಬಿಯಿಂದ ಬರೋ ಹೊಸ ರೈಲು, 2017ರಲ್ಲಿ ಶುರುವಾದದ್ದು, ದ್ವೀಪದೊಳಗೆ ಬರಲ್ಲ. ಆಚೆ ಮಿರಿತಿನಿಯಲ್ಲೇ ಇಳಿಬೇಕು, ಅಲ್ಲಿಂದ ಟ್ಯಾಕ್ಸಿ. ಆಮೇಲೆ ಬೇಕಿದ್ದರೆ ಡಯಾನಿಗೆ ಹೋಗು. ಹೋಗುವಾಗ ಲಿಕೋನಿ ಫೆರಿಯಲ್ಲಿ ನಡ್ಕೊಂಡೇ ಹತ್ತು. ನಡೆದು ದಾಟೋರಿಗೆ ದುಡ್ಡಿಲ್ಲ. ಬೆಳಿಗ್ಗೆ ಬೇಗ ನಿಂತರೆ, ಆಚೆ ದಡದಿಂದ ಕೆಲಸಕ್ಕೆ ಬರೋ ಸಾವಿರಾರು ಜನರನ್ನು ಎದುರಿಗೇ ನೋಡ್ತೀಯ. ಏಪ್ರಿಲ್, ಮೇ ಮಾತ್ರ ಬೇಡ, ಅದು ಅಲ್ಲಿನ ದೊಡ್ಡ ಮಳೆಗಾಲ.

ಸಂಜೆ ಎನ್ದಿಯಾ ಕೂ ಬೀದಿಯಲ್ಲಿ ಒಂದು ಸುತ್ತು ಹಾಕು. ಮನೆ ಮುಂದಿನ ಕಟ್ಟೆಗಳ ಮೇಲೆ ಹಿರಿಯರು ಕಾಫಿ ಹಿಡಿದು ಕೂತಿರ್ತಾರೆ. ಯಾರಾದರೂ "ಕರಿಬು" ಅಂದರೆ ಸ್ವಾಗತ ಅಂತ ಅರ್ಥ; ಆ ಪದಕ್ಕೇ "ಹತ್ತಿರ" ಅನ್ನೋ ಅರ್ಥವೂ ಇದೆ. ಕರೆದರೆ ಹೋಗಿ ಕೂತ್ಕೋ, ಫೋಟೋ ಆಮೇಲೆ ತೆಗಿ ಅಂತ ಹೇಳಿ ಕಳಿಸಿದ್ದೇನೆ.

ಮುಂದಿನ ವಾರ ಒಮಾನಿಗಳ ಕಾಲ ಮತ್ತು ಜಾಂಜಿಬಾರ್. ಸಿಗೋಣ.