ನದಿ ನೀರಿನ ಹಂಚಿಕೆ: ಕಡೂರು, ತರೀಕೆರೆ ಹಾಗೂ ಅಜ್ಜಂಪುರ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳು ಕೃಷ್ಣಾ ಕೊಳ್ಳಕ್ಕೆ ಸೇರಿರುತ್ತವೆ. ಭದ್ರಾ ಜಲಾಶಯವು ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿದ್ದರೂ, ಅದೇ ಜಿಲ್ಲೆಯ ಬಯಲು ಸೀಮೆಯ ಕೆರೆಗಳು ಅನೇಕ ವರ್ಷಗಳಲ್ಲಿ ಬರಿದಾಗಿ ಉಳಿಯುತ್ತವೆ. ಹಳ್ಳ ಹರಿಯುವ ಊರಿನವರು ಆ ನೀರನ್ನು ತಮ್ಮ ಇಚ್ಛೆಯಂತೆ ಏಕೆ ತಡೆದು ಬಳಸಿಕೊಳ್ಳುವಂತಿಲ್ಲ ಎಂಬ ಪ್ರಶ್ನೆ ಸಹಜವಾದುದು. ಈ ಕುರಿತ ಮುಖ್ಯಾಂಶಗಳನ್ನು ಕೆಳಗೆ ವಿವರಿಸಲಾಗಿದೆ.

ಹಿನ್ನೆಲೆ

ಬಾಬಾಬುಡನ್‌ಗಿರಿ ಶ್ರೇಣಿಯಲ್ಲಿ ಹುಟ್ಟುವ ವೇದಾ ಮತ್ತು ಆವತಿ ಹೊಳೆಗಳು ಕಡೂರಿನ ಬಳಿ ಕೂಡಿ ವೇದಾವತಿ ನದಿಯಾಗುತ್ತವೆ. ಈ ನದಿಯು ಹಿರಿಯೂರು ಸಮೀಪದ ವಾಣಿವಿಲಾಸ ಸಾಗರವನ್ನು ತುಂಬಿ, ಮುಂದೆ ಹಗರಿ ಎಂಬ ಹೆಸರಿನಿಂದ ತುಂಗಭದ್ರೆಯನ್ನು ಸೇರುತ್ತದೆ. ವೇದಾವತಿಯು ಮೈಸೂರು ಹಾಗೂ ಮದರಾಸು ಸರ್ಕಾರಗಳ ನಡುವಿನ 1892ರ ಒಪ್ಪಂದದ ವ್ಯಾಪ್ತಿಯಲ್ಲಿದ್ದು, ಮೇಲ್ಭಾಗದಲ್ಲಿ ಹೊಸ ನೀರಾವರಿ ಕಾಮಗಾರಿ ಕೈಗೊಳ್ಳುವ ಮೊದಲು ಕೆಳಭಾಗದ ಸರ್ಕಾರದೊಡನೆ ವಿಚಾರ ವಿನಿಮಯ ಮಾಡಬೇಕೆಂಬ ಪದ್ಧತಿ ಅಂದೇ ಜಾರಿಗೆ ಬಂದಿತ್ತು.

ನ್ಯಾಯಾಧಿಕರಣಗಳ ತೀರ್ಪು

1. ಶ್ರೀ ಆರ್.ಎಸ್. ಬಚಾವತ್ ಅವರ ಅಧ್ಯಕ್ಷತೆಯ ಮೊದಲ ಕೃಷ್ಣಾ ಜಲವಿವಾದ ನ್ಯಾಯಾಧಿಕರಣವು 1969ರಲ್ಲಿ ರಚನೆಯಾಯಿತು. ಅದರ ತೀರ್ಪು 1976ರಲ್ಲಿ ಗೆಜೆಟ್‌ನಲ್ಲಿ ಪ್ರಕಟವಾಯಿತು. ನೂರಕ್ಕೆ 75 ವರ್ಷಗಳಲ್ಲಿ ನಂಬಬಹುದಾದ 2060 ಟಿ.ಎಂ.ಸಿ. ನೀರಿನಲ್ಲಿ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700 ಹಾಗೂ ಆಂಧ್ರಪ್ರದೇಶಕ್ಕೆ 800 ಟಿ.ಎಂ.ಸಿ. ಹಂಚಿಕೆಯಾಯಿತು. (ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2,831 ಕೋಟಿ ಲೀಟರ್.)

2. ಶ್ರೀ ಬ್ರಿಜೇಶ್ ಕುಮಾರ್ ಅವರ ಅಧ್ಯಕ್ಷತೆಯ ಎರಡನೆಯ ನ್ಯಾಯಾಧಿಕರಣವು 2010ರಲ್ಲಿ ತೀರ್ಪನ್ನೂ 2013ರಲ್ಲಿ ಮುಂದುವರಿದ ವರದಿಯನ್ನೂ ನೀಡಿ, ಕರ್ನಾಟಕದ ಪಾಲನ್ನು 907 ಟಿ.ಎಂ.ಸಿ. ಎಂದು ನಿಗದಿಪಡಿಸಿತು. ಆದರೆ ಸರ್ವೋಚ್ಚ ನ್ಯಾಯಾಲಯದ 2011ರ ಮಧ್ಯಂತರ ಆದೇಶದಿಂದಾಗಿ ಇದರ ಗೆಜೆಟ್ ಪ್ರಕಟಣೆ ತಡೆಹಿಡಿಯಲ್ಪಟ್ಟಿತು.

ಲೆಕ್ಕಾಚಾರದ ಕ್ರಮ

ಮೊದಲ ತೀರ್ಪಿನ ಪ್ರಕಾರ ಜಲವರ್ಷವು ಜೂನ್ 1ರಿಂದ ಮೇ 31ರವರೆಗೆ ಇರುತ್ತದೆ. ಕುಡಿಯುವ ನೀರಿಗಾಗಿ ನದಿಯಿಂದ ತೆಗೆದ ಪ್ರಮಾಣದಲ್ಲಿ ಶೇ. 20ರಷ್ಟನ್ನು ಮಾತ್ರ ಬಳಕೆಯೆಂದು ಪರಿಗಣಿಸಲಾಗುತ್ತದೆ. ಅಂತರ್ಜಲದ ಬಳಕೆಯನ್ನು ರಾಜ್ಯದ ನದಿ ಪಾಲಿನಲ್ಲಿ ಸೇರಿಸುವುದಿಲ್ಲ. ಹೀಗಿದ್ದರೂ ಕೊಳವೆಬಾವಿಗೆ ಯಾವ ನಿರ್ಬಂಧವೂ ಇಲ್ಲವೆಂದು ತಿಳಿಯತಕ್ಕದ್ದಲ್ಲ. ಅಧಿಸೂಚಿತ ಪ್ರದೇಶಗಳಲ್ಲಿ 2011ರ ಕರ್ನಾಟಕ ಅಂತರ್ಜಲ ಅಧಿನಿಯಮದಡಿ ಪೂರ್ವಾನುಮತಿ ಅವಶ್ಯಕ.

ಭದ್ರಾ ಮೇಲ್ದಂಡೆ ಯೋಜನೆ

ಸದರಿ ಯೋಜನೆಯಡಿ ತುಂಗಾ ನದಿಯಿಂದ 17.40 ಟಿ.ಎಂ.ಸಿ. ನೀರನ್ನು ಭದ್ರಾ ಜಲಾಶಯಕ್ಕೆ ಎತ್ತಿ, ಅಲ್ಲಿಂದ ಒಟ್ಟು 29.90 ಟಿ.ಎಂ.ಸಿ. ನೀರನ್ನು ಅಜ್ಜಂಪುರ ಸಮೀಪದ ಸುರಂಗದ ಮೂಲಕ ಬಯಲು ಸೀಮೆಗೆ ಹರಿಸಲು ಉದ್ದೇಶಿಸಲಾಗಿದೆ. ಅಂದರೆ ಉಳಿದ 12.50 ಟಿ.ಎಂ.ಸಿ. ಭದ್ರೆಯ ಪಾಲಿನಿಂದಲೇ ಒದಗಬೇಕು. ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು ಮತ್ತು ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರ್ ಜಮೀನಿಗೆ ಹನಿ ನೀರಾವರಿ ಸೌಲಭ್ಯ ಕಲ್ಪಿಸುವುದು ಹಾಗೂ 367 ಕೆರೆಗಳನ್ನು ತುಂಬಿಸುವುದು ಗುರಿಯಾಗಿದೆ. ಇದಕ್ಕಾಗಿ 2023-24ರ ಕೇಂದ್ರ ಆಯವ್ಯಯದಲ್ಲಿ ರೂ. 5,300 ಕೋಟಿ ನೆರವು ಘೋಷಿಸಲಾಯಿತು.

ಈ ಹಂಚಿಕೆಯಲ್ಲಿ ಪರಸ್ಪರ ವಿರುದ್ಧವಾದ ನ್ಯಾಯಯುತ ಬೇಡಿಕೆಗಳಿವೆ. 71.5 ಟಿ.ಎಂ.ಸಿ. ಸಾಮರ್ಥ್ಯದ ಭದ್ರಾ ಜಲಾಶಯವು ತುಂಬದ ವರ್ಷಗಳಲ್ಲಿ, ನಾಲೆಯ ಕೊನೆಯ ಭಾಗದ ದಾವಣಗೆರೆ ರೈತರಿಗೆ ಬೇಸಿಗೆ ಬೆಳೆಯ ನೀರು ಸಂದೇಹವಾಗುತ್ತದೆ. ಜಮೀನು ಬಿಟ್ಟುಕೊಟ್ಟ ಮೇಲ್ಭಾಗದ ಗ್ರಾಮಸ್ಥರು, ತಮ್ಮ ಊರಿನ ಮೂಲಕ ಹಾದುಹೋಗುವ ನಾಲೆಯಿಂದ ತಮ್ಮ ಕೆರೆಗೂ ನೀರು ಬೇಕೆಂದು ಕೇಳುತ್ತಾರೆ. ಚಿತ್ರದುರ್ಗದ ಬರಪೀಡಿತ ತಾಲ್ಲೂಕುಗಳಿಗೆ ಬೇರೆ ಜಲಮೂಲಗಳು ವಿರಳ. ಮುಂದಿನ ಅಭಿವೃದ್ಧಿಗೆಂದು ಕಾಯ್ದಿರಿಸಿದ ನೀರನ್ನು ಒಬ್ಬರು ಹೆಚ್ಚಾಗಿ ಬಳಸಿದಲ್ಲಿ ಅದು ಮತ್ತೊಬ್ಬರ ಪಾಲಿನಿಂದಲೇ ಕಡಿತವಾಗುತ್ತದೆ. ಈ ಕಾರಣದಿಂದಲೇ ಹರಿ ನೀರಾವರಿಯ ಬದಲು ಹನಿ ನೀರಾವರಿಯನ್ನು ಆರಿಸಲಾಗಿದೆ.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಅ) ಭೂಸ್ವಾಧೀನ: 2013ರ ಭೂಸ್ವಾಧೀನ ಅಧಿನಿಯಮದ ಕಲಂ 11ರ ಪ್ರಾಥಮಿಕ ಅಧಿಸೂಚನೆ ಪ್ರಕಟವಾದ ದಿನಾಂಕದಿಂದ 60 ದಿನಗಳೊಳಗಾಗಿ, ಕಲಂ 15ರಡಿ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. ಪಹಣಿ ಮತ್ತು ಖಾತೆ ಮೃತರ ಹೆಸರಿನಲ್ಲಿದ್ದಲ್ಲಿ ಪೌತಿ ಖಾತೆಯನ್ನು ಮೊದಲೇ ಮಾಡಿಸಿಕೊಳ್ಳುವುದು ಸೂಕ್ತ. ಇಲ್ಲವಾದಲ್ಲಿ ಪರಿಹಾರ ಪಾವತಿಯು ವಿಳಂಬವಾಗುವ ಸಂಭವವಿರುತ್ತದೆ.

ಆ) ನಾಲೆ ನೀರು: ಕರ್ನಾಟಕ ನೀರಾವರಿ ಅಧಿನಿಯಮ, 1965ರ ಪ್ರಕಾರ ಅನುಮತಿಯಿಲ್ಲದೆ ನಾಲೆಯಿಂದ ಪಂಪ್ ಅಥವಾ ಕೊಳವೆ ಮೂಲಕ ನೀರೆತ್ತುವುದು ಅಪರಾಧ.

ಇ) ಕೆರೆ ತುಂಬಿಸುವ ಕೋರಿಕೆ: ಕೆರೆಯ ಹೆಸರು, ಗ್ರಾಮ, ಸರ್ವೆ ನಂಬರು ಹಾಗೂ ಅಚ್ಚುಕಟ್ಟು ವಿವರಗಳನ್ನು ನಮೂದಿಸಿ ಮನವಿ ಸಲ್ಲಿಸುವುದು. ಯೋಜನೆಯ ಪಟ್ಟಿಯಲ್ಲಿ ಆ ಕೆರೆ ಇದೆಯೇ ಎಂಬುದನ್ನು ಮುಂಚಿತವಾಗಿ ಖಚಿತಪಡಿಸಿಕೊಳ್ಳುವುದು.

ಈ) ಮಾಹಿತಿ ಹಕ್ಕು: ಮಾಹಿತಿ ಹಕ್ಕು ಅಧಿನಿಯಮ, 2005ರ ಕಲಂ 6ರಡಿ ರೂ. 10 ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡತಕ್ಕದ್ದು.

ಮನವಿಯ ಸ್ವೀಕೃತಿ ಪತ್ರವನ್ನು ತಪ್ಪದೆ ಪಡೆದು ಕಾಪಾಡಿಕೊಳ್ಳಲು ಸಾರ್ವಜನಿಕರಲ್ಲಿ ಕೋರಲಾಗಿದೆ. ಮುಂದಿನ ಹಂತದ ಮೇಲ್ಮನವಿಗಳಿಗೆ ಅದೇ ಆಧಾರವಾಗಿರುತ್ತದೆ.