ಲೇ ಆಲ್: ಒಂದು ಪೇಟೆಯ ನಿರ್ಗಮನ

ಪ್ಯಾರಿಸ್ಸಿನ ಲೇ ಆಲ್ ಪೇಟೆಯಲ್ಲಿ ದೊರೆ ಎರಡನೆಯ ಫಿಲಿಪ್ 1183ರಲ್ಲಿ ವರ್ತಕರಿಗಾಗಿ ಸೂರುಳ್ಳ ಕಟ್ಟಡಗಳನ್ನು ಕಟ್ಟಿಸಿದನು. ಹತ್ತೊಂಬತ್ತನೆಯ ಶತಮಾನದಲ್ಲಿ ವಿಕ್ಟರ್ ಬಾಲ್ತಾರ್ ಮೊದಲು ಕಲ್ಲಿನ ಮಂಟಪವನ್ನೆಬ್ಬಿಸಿದನು. ಅದು ಕೋಟೆಯಂತಿದೆಯೆಂದು ಜನ ಹೀಯಾಳಿಸಿದ ಮೇಲೆ ಕಬ್ಬಿಣ, ಗಾಜುಗಳ ಹಗುರ ಮಂಟಪಗಳು ಬಂದವು. ಎಮಿಲ್ ಜೋಲಾ 1873ರ ಕಾದಂಬರಿಯ ಹೆಸರಿನಲ್ಲೇ ಈ ಪೇಟೆಯನ್ನು ನಗರದ ಉದರವಾಗಿಸಿದನು.

1969ರಲ್ಲಿ ಸಗಟು ವ್ಯಾಪಾರ ದಕ್ಷಿಣದ ಹೊರವಲಯದ ರಂಜಿಸ್‌ಗೆ ಹೋಯಿತು. 1971ರಲ್ಲಿ ಮಂಟಪಗಳನ್ನು ಕೆಡವತೊಡಗಿದರು. ಒಂದನ್ನು ಮಾತ್ರ ನೋಜಾಂ-ಸುರ್-ಮಾರ್ನ್ ಊರಿನಲ್ಲಿ ಮರಳಿ ನಿಲ್ಲಿಸಿದರು. ಚರಿತ್ರಕಾರರು ಈ ಕೆಡವುವಿಕೆಗೇ ಹೆಚ್ಚು ಮರುಗುತ್ತಾರೆ. ಆದರೆ ಕೇರಿಯನ್ನು ಬರಿದುಮಾಡಿದ್ದು ಅದಕ್ಕೂ ಮೊದಲೇ ನಡೆದ ಜನರ ನಿರ್ಗಮನ. ಪೇಟೆಗೆ ಅಂಟಿಕೊಂಡೇ ಇದ್ದ ಸಂತ ಉಸ್ತಾಶ್ ಇಗರ್ಜಿಯೊಳಗೆ ಶಿಲ್ಪಿ ರೇಮಂಡ್ ಮೇಸನ್ ಕಡೆದು ಬಣ್ಣ ಬಳಿದ ಆ ಜನ ತರಕಾರಿ, ಹಣ್ಣುಗಳೊಡನೆ ಇಂದಿಗೂ ಹೊರಡುತ್ತಲೇ ಇದ್ದಾರೆ.