ನಕಲಿ ಔಷಧ ಮತ್ತು ವೈದ್ಯರ ಶಂಕೆ: ‘ಅರಿವಿನ ಕೊರತೆ’ ಎಂಬ ನಿರ್ಣಯದ ಮರುಪರಿಶೀಲನೆ

ನಕಲಿ ಔಷಧಗಳ ಬಗ್ಗೆ ವೈದ್ಯರು, ಶುಶ್ರೂಷಕಿಯರು ಮತ್ತು ಫಾರ್ಮಸಿಸ್ಟರಿಗೆ ಎಷ್ಟು ತಿಳಿದಿದೆ ಎಂಬುದನ್ನು ಪ್ರಶ್ನಾವಳಿಯಿಂದ ಅಳೆಯುವ ಅಧ್ಯಯನಗಳು ಸಾಮಾನ್ಯವಾಗಿ ಒಂದೇ ನಿರ್ಣಯಕ್ಕೆ ಬರುತ್ತವೆ: ಅರಿವು ಸಾಲದು, ತರಬೇತಿ ಬೇಕು. ಈ ನಿರ್ಣಯಕ್ಕೆ ಆಧಾರ ಸಾಲದು ಎಂಬುದು ಪ್ರಸ್ತುತ ಲೇಖನದ ವಾದ.

ಹಿನ್ನೆಲೆಯ ಬಗ್ಗೆ ಹೆಚ್ಚು ವಿವಾದವಿಲ್ಲ. ಬಡ ಮತ್ತು ಮಧ್ಯಮ ಆದಾಯದ ದೇಶಗಳ ಔಷಧಗಳಲ್ಲಿ ಶೇ. 10.5ರಷ್ಟು ಕಳಪೆ ಇಲ್ಲವೇ ನಕಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಅಂದಾಜಿಸಿತು. ಭಾರತದ 2014–16ರ ರಾಷ್ಟ್ರೀಯ ಸಮೀಕ್ಷೆ ಕಳಪೆಯನ್ನು ಶೇ. 3.16, ನಕಲಿಯನ್ನು ಶೇ. 0.0245 ಎಂದು ಬೇರೆಬೇರೆಯಾಗಿ ಎಣಿಸಿತು. ಸರ್ಕಾರ ನೇಮಿಸಿದ ಮಾಶೇಲ್ಕರ್ ಸಮಿತಿ 2003ರಲ್ಲಿ ನಕಲಿ ಔಷಧದ ಅಪರಾಧಕ್ಕೆ ಮರಣದಂಡನೆಯನ್ನೇ ಸೂಚಿಸಿತ್ತು. ಔಷಧ ಕಾಯ್ದೆಯ 2008ರ ತಿದ್ದುಪಡಿ ಜೀವಾವಧಿ ಶಿಕ್ಷೆಯವರೆಗೆ ಬಂದು ನಿಂತಿತು. 2023ರ ಆಗಸ್ಟ್‌ನಿಂದ 300 ಬ್ರ್ಯಾಂಡ್‌ಗಳಿಗೆ ಕ್ಯೂಆರ್ ಕೋಡ್ ಇಲ್ಲವೇ ಬಾರ್‌ಕೋಡ್ ಕಡ್ಡಾಯವಾಗಿದೆ.

ವಿವಾದವಿರುವುದು ‘ಅರಿವು’ ಎಂದು ನಾವು ಏನನ್ನು ಅಳೆಯುತ್ತಿದ್ದೇವೆ ಎಂಬಲ್ಲಿ. ಪ್ರಶ್ನಾವಳಿಗಳ ಗಮನ ಬಹುಪಾಲು ಹೊರಮೈ ಮೇಲಿರುತ್ತದೆ: ಲೇಬಲ್‌ನ ಅಕ್ಷರದೋಷ, ಮಾಸಿದ ಮುದ್ರಣ, ಹೊಲೊಗ್ರಾಮ್, ಅನುಮಾನ ಹುಟ್ಟಿಸುವಷ್ಟು ಕಡಿಮೆ ಬೆಲೆ. 2024ರ ಮಾರ್ಚ್‌ನಲ್ಲಿ ದೆಹಲಿ ಪೊಲೀಸರು ಬಯಲಿಗೆಳೆದ ಕ್ಯಾನ್ಸರ್ ಔಷಧ ಜಾಲವನ್ನು ಇದರ ಎದುರಿಗಿಟ್ಟು ನೋಡಬೇಕು. ಪೊಲೀಸರ ಪ್ರಕಾರ, ಬಳಸಿ ಖಾಲಿಯಾದ ದುಬಾರಿ ಚುಚ್ಚುಮದ್ದಿನ ಸೀಸೆಗಳಿಗೆ ಶಿಲೀಂಧ್ರನಾಶಕ ಫ್ಲುಕೊನಜೋಲ್ ತುಂಬಿ ಮಾರಲಾಗಿತ್ತು. ಸೀಸೆ ಅಸಲಿ, ಲೇಬಲ್ ಅಸಲಿ. ಪ್ರಶ್ನಾವಳಿಯಲ್ಲಿ ಪೂರ್ಣ ಅಂಕ ಪಡೆದ ಶುಶ್ರೂಷಕಿಯೂ ಅದನ್ನೇ ರೋಗಿಗೆ ಚುಚ್ಚುತ್ತಿದ್ದಳು. ಬಂಧಿತರಲ್ಲಿ ಆಸ್ಪತ್ರೆಯ ನೌಕರರೂ ಇದ್ದರು. ಆರೋಪ ನಿಜವಾದರೆ, ಅವರಿಗೆ ಕೊರತೆಯಿದ್ದದ್ದು ತಿಳಿವಳಿಕೆಯದ್ದಲ್ಲ.

ಹಾಗಾದರೆ ಕೆಟ್ಟ ಔಷಧ ಹಿಂದೆ ಸಿಕ್ಕಿಬಿದ್ದದ್ದು ಹೇಗೆ? 1986ರಲ್ಲಿ ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ ಡೈಎಥಿಲೀನ್ ಗ್ಲೈಕಾಲ್ ಬೆರೆತ ಗ್ಲಿಸರಿನ್‌ನಿಂದ 14 ರೋಗಿಗಳು ಸತ್ತರು. ಲೆಂಟಿನ್ ಆಯೋಗ ಅದರ ವಿಚಾರಣೆ ನಡೆಸಿತು. 2022ರಲ್ಲಿ ಗ್ಯಾಂಬಿಯಾದ ಮಕ್ಕಳನ್ನು ಭಾರತದಿಂದ ಹೋದ ಕೆಮ್ಮಿನ ಸಿರಪ್‌ನಲ್ಲಿದ್ದ ಅದೇ ವಿಷ ಕೊಂದಿತು. ಎರಡೂ ಕಡೆ ಶಂಕೆ ಹುಟ್ಟಿದ್ದು ಮೂತ್ರಪಿಂಡಗಳು ಸಾಲಾಗಿ ಸೋಲುತ್ತಿದ್ದುದನ್ನು ರೋಗಿಯ ಪಕ್ಕದಲ್ಲಿದ್ದವರು ಗಮನಿಸಿದಾಗ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಅನುಮಾನ ರಿಂಗರ್ ಲ್ಯಾಕ್ಟೇಟ್ ಡ್ರಿಪ್‌ನತ್ತ ತಿರುಗಿತು. ಕಾನೂನಿನ ಲೆಕ್ಕದಲ್ಲಿ ಇವು ನಕಲಿಯಲ್ಲ, ಕಲಬೆರಕೆ ಅಥವಾ ಕಳಪೆ. ಹಾಸಿಗೆಯಲ್ಲಿ ಮಲಗಿದವರಿಗೆ ಆ ಭೇದದಿಂದ ಪ್ರಯೋಜನವಿಲ್ಲ.

ಆದ್ದರಿಂದ ಅಳೆಯಬೇಕಾದುದು ಗುರುತು ಹಿಡಿಯುವ ಕೌಶಲಕ್ಕಿಂತ ಹೆಚ್ಚಾಗಿ ಶಂಕಿಸುವ ಮನೋಭಾವ ಎಂದು ನನಗೆ ತೋರುತ್ತದೆ. ಜ್ವರ ಇಳಿಯದಿದ್ದರೆ ರೋಗಾಣುವಿನ ಪ್ರತಿರೋಧವನ್ನು ದೂರುತ್ತೇವೆ, ಸಕ್ಕರೆ ಇಳಿಯದಿದ್ದರೆ ರೋಗಿ ಮಾತ್ರೆ ತಪ್ಪಿಸಿದನೆನ್ನುತ್ತೇವೆ. ಮಾತ್ರೆಯ ಮೇಲೆ ದೂರು ಹೋಗುವುದು ಅಪರೂಪ. ಈ ಮಾತಿಗೆ ಮಿತಿಗಳಿವೆ. ಮೇಲಿನ ಮೂರೂ ಪ್ರಸಂಗಗಳಲ್ಲಿ ಸಾವುಗಳು ಒಂದೆಡೆ ಗುಂಪಾಗಿ ಕಂಡವು. ಸಾರ ಅರ್ಧವೇ ಇರುವ ರಕ್ತದೊತ್ತಡದ ಮಾತ್ರೆ ಸಾವಿರ ಮನೆಗಳಲ್ಲಿ ಸದ್ದಿಲ್ಲದೆ ಸೋತಾಗ ಯಾವ ವೈದ್ಯರ ಶಂಕೆಯೂ ಅದನ್ನು ಹಿಡಿಯಲಾರದು. ಅದು ಪ್ರಯೋಗಾಲಯದ ಕೆಲಸ. ಸಗಟು ಖರೀದಿ ಮಾಡುವ ಫಾರ್ಮಸಿಸ್ಟರಿಗೆ ಹೊರಮೈಯ ಪರೀಕ್ಷೆ ಬೇಕೇ ಬೇಕು. ಶಂಕೆ ಅತಿಯಾಗಿ ರೋಗಿಗಳು ಒಳ್ಳೆಯ ಔಷಧವನ್ನೂ ಬಿಟ್ಟರೆ ಹಾನಿ ಇನ್ನೂ ದೊಡ್ಡದು.

ಕೇಸ್ ಶೀಟ್‌ನಲ್ಲಿ ಬ್ಯಾಚ್ ನಂಬರ್ ಬರೆಯುವ ರೂಢಿ ಬಂದರೆ ವರದಿಗಳು ಹೆಚ್ಚುವವೇ ಎಂಬುದನ್ನು ಈ ವಾದ ತೀರ್ಮಾನಿಸುವುದಿಲ್ಲ. ಅದನ್ನು ಕ್ಷೇತ್ರಾಧ್ಯಯನವೇ ಹೇಳಬೇಕು. ಮುಂದೆ ಸಮೀಕ್ಷೆ ಕೈಗೊಳ್ಳುವವರು ಒಂದು ಪ್ರಶ್ನೆಯನ್ನಾದರೂ ಸೇರಿಸಲಿ: ಕಳೆದ ಬಾರಿ ಚಿಕಿತ್ಸೆ ಫಲಿಸದಿದ್ದಾಗ ನೀವು ಬ್ಯಾಚ್ ನಂಬರ್ ನೋಡಿದಿರಾ? ಔಷಧಗಳ ಅಡ್ಡಪರಿಣಾಮ ವರದಿ ಮಾಡುವ ರಾಷ್ಟ್ರೀಯ ನಮೂನೆಯಲ್ಲಿ ಅದಕ್ಕೆ ಈಗಾಗಲೇ ಒಂದು ಅಂಕಣವಿದೆ.